ಅಡುಗೆಮನೆ ಇರೋ ಹೋಟ್ಲು, ರಸ್ತೆ ದಾಟಿದ್ರೆ ಸಮುದ್ರ

ಹೋದ ಸಂಚಿಕೇಲಿ ಹವಾಯಿ ಬಗ್ಗೆ ಎರಡು ಸಾಲು ಬರೆದಿದ್ದೇ ತಡ, ಪ್ರಶ್ನೆಗಳು ಒಂದೇ ಸಮ ಬರ್ತಾ ಇವೆ. ಬಹಳಷ್ಟು ಅಮೆರಿಕದಲ್ಲಿರೋ ನಮ್ಮ ಹುಡುಗ್ರು ಹುಡುಗೀರದು, ಕೆಲವು ಅವರ ಜೊತೆ ಹೊರಟಿರೋ ಅಪ್ಪ ಅಮ್ಮಂದಿರದು. ಹೆಚ್ಚುಕಮ್ಮಿ ಎಲ್ಲರೂ ಕೇಳಿರೋದು ಮೌಯಿ ದ್ವೀಪ, ಮತ್ತೆ ಅಲ್ಲಿನ ಕಾಂಡೋ ಹೋಟೆಲ್‌ಗಳ, ಅಂದ್ರೆ ಅಡುಗೆಮನೆ ಸಮೇತ ಪೂರ್ತಿ ಮನೇನೇ ಬಾಡಿಗೆಗೆ ಕೊಡೋ ಹೋಟೆಲ್‌ಗಳ ವಿಷಯ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಡಿಸೆಂಬರ್‌ನಲ್ಲಿ ಮೈಸೂರಿಂದ ಅತ್ತೆ ಮಾವ ಬಂದಿರ್ತಾರೆ, ನಮಗೆ 3 ಮತ್ತು 7 ವರ್ಷದ ಮಕ್ಕಳಿದಾರೆ. ಕ್ರಿಸ್‌ಮಸ್ ರಜೆಗೆ ಎಲ್ಲರೂ ಮೌಯಿಗೆ ಹೋಗೋಣ ಅಂತ. ರೆಸಾರ್ಟ್‌ನಲ್ಲಿ ಎರಡು ರೂಮ್ ತಗೊಳ್ಳೋದಾ ಇಲ್ಲಾ ಕಾಂಡೋ ಹೋಟೆಲ್ಲಾ? ಅದು ಹೋಟೆಲ್ಲೋ ಮನೆಯೋ ಅನ್ನೋದೇ ನನಗೆ ಅರ್ಥ ಆಗಿಲ್ಲ. (ಸನ್ನಿವೇಲ್‌ನ ಓದುಗರು)

ಎರಡೂ ಹೌದು, ತೊಂದರೆ ಶುರುವಾಗೋದೂ ಅಲ್ಲೇ. ಹೊರಗಿಂದ ನೋಡಿದ್ರೆ ಹೋಟೆಲ್ಲೇ, ಫ್ರಂಟ್ ಡೆಸ್ಕ್ ಇರತ್ತೆ, ಪೂಲ್ ಇರತ್ತೆ, ಟವೆಲ್ ಕೊಡ್ತಾರೆ. ಆದ್ರೆ ಒಳಗಿನ ಒಂದೊಂದು ಯೂನಿಟ್‌ಗೂ ಒಬ್ಬೊಬ್ಬ ಓನರ್ ಇರ್ತಾನೆ, ಅವನು ಸಿಯಾಟಲ್‌ನಲ್ಲೋ ಕೆನಡಾದಲ್ಲೋ ಕೂತಿರ್ತಾನೆ, ವರ್ಷದಲ್ಲಿ ಸ್ವಲ್ಪ ದಿನ ತಾನು ಬಂದು ಇದ್ದು ಮಿಕ್ಕಿದ್ದಷ್ಟೂ ದಿನ ಕಂಪನಿ ಕೈಗೆ ಬಾಡಿಗೆಗೆ ಕೊಟ್ಟಿರ್ತಾನೆ. ಹಾಗಾಗಿ ಒಂದೇ ಮಹಡೀಲಿ ಅಕ್ಕಪಕ್ಕದ ಎರಡು ಮನೇಲಿ ಒಂದಕ್ಕೆ ಹೊಸ ಗ್ರಾನೈಟ್ ಕೌಂಟರ್, ಹೊಸ ಎಸಿ, ಇನ್ನೊಂದ್ರಲ್ಲಿ ಓನರ್‌ನ ಅಪ್ಪ ಯಾವ ಕಾಲದಲ್ಲೋ ಹಾಕಿಸಿದ ಬೆತ್ತದ ಸೋಫಾ ಮತ್ತೆ ಗೊರಗೊರ ಅನ್ನೋ ಫ್ಯಾನು, ಬಾಡಿಗೆ ಮಾತ್ರ ಎರಡಕ್ಕೂ ಸುಮಾರು ಒಂದೇ. ನೀವು ವೆಬ್‌ಸೈಟ್‌ನಲ್ಲಿ ನೋಡಿ ಮೆಚ್ಚೋ ಫೋಟೋ ಯಾವ ಮನೇದೋ ಯಾರಿಗೆ ಗೊತ್ತು. ಅದಕ್ಕೇ ದುಡ್ಡು ಕಟ್ಟೋಕೆ ಮುಂಚೆ ಯೂನಿಟ್ ನಂಬರ್ ಕೇಳಿ, ಆ ನಂಬರ್ರೇ ಸಿಗತ್ತೆ ಅಂತ ಈಮೇಲ್‌ನಲ್ಲಿ ಬರೆಸ್ಕೊಳ್ಳಿ. ಬಂದಾಗ ಯಾವುದು ಖಾಲಿ ಇದ್ಯೋ ಅದು ಕೊಡ್ತೀವಿ ಅಂದ್ರೆ ಆ ಡೀಲ್ ಬೇಡ, ಎಷ್ಟೇ ಅಗ್ಗ ಆಗಿರ್ಲಿ.

ನಿಮ್ಮ ಮನೆಗೆ ಕಾಂಡೋನೇ ಸರಿ ಅಂತೀನಿ. ಆರು ಜನ, ಅದ್ರಲ್ಲಿ ಇಬ್ಬರು ವಯಸ್ಸಾದವರು, ಒಂದು ಮೂರು ವರ್ಷದ ಮಗು, ಎರಡು ಬೆಡ್‌ರೂಮ್ ಎರಡು ಬಾತ್‌ರೂಮ್ ಇರೋ ಯೂನಿಟ್ ತಗೊಂಡ್ರೆ ಮಗು ಎಂಟು ಗಂಟೆಗೆ ಮಲಗಿದ್ಮೇಲೆ ದೊಡ್ಡವರು ಕತ್ತಲೇಲಿ ಪಿಸುಪಿಸು ಮಾತಾಡ್ಕೊಂಡು ಕೂರೋದು ತಪ್ಪತ್ತೆ. ಒಂದು ಬೆಡ್‌ರೂಮ್ ಪ್ಲಸ್ ಸೋಫಾ ಬೆಡ್ ಅಂತ ಇರತ್ತೆ, ಆರು ಜನಕ್ಕೆ ಅದು ಬೇಡ. ಒಂದೊಂದು ಯೂನಿಟ್‌ಗೂ ಎಷ್ಟು ಜನ ಅಂತ ಮಿತಿ ಹಾಕಿರ್ತಾರೆ, ಮಕ್ಕಳನ್ನೂ ಲೆಕ್ಕಕ್ಕೆ ಹಿಡೀತಾರಾ ಕೇಳ್ಕೊಳ್ಳಿ. ಬಟ್ಟೆ ಒಗೆಯೋ ಮಷೀನು, ಡ್ರೈಯರ್ ಯೂನಿಟ್ ಒಳಗೇ ಇದ್ಯಾ ಇಲ್ಲಾ ಕೆಳಗೆ ಕಾಯಿನ್ ಹಾಕೋದಾ ಅನ್ನೋದೂ ಮುಖ್ಯ, ಯಾಕಂದ್ರೆ ಮರಳು ಮೆತ್ತಿದ ಈಜೋ ಬಟ್ಟೆ ದಿನಾ ಒಂದು ರಾಶಿ ಬೀಳತ್ತೆ. ದಿನಾ ಬಂದು ಹಾಸಿಗೆ ಸರಿ ಮಾಡಿ ಕಸ ಗುಡಿಸಿ ಹೋಗೋರು ಇಲ್ಲಿ ಸಾಮಾನ್ಯವಾಗಿ ಇರಲ್ಲ. ರೆಸಾರ್ಟ್ ಸುಖ ಬೇಕು ಅನ್ನೋರಿಗೆ ಇದು ಹಿಡಿಸಲ್ಲ.

ಇನ್ನೊಂದು ಮಾತು. ಕ್ರಿಸ್‌ಮಸ್ ವಾರ ಅಲ್ಲಿ ವರ್ಷದಲ್ಲೇ ದುಬಾರಿ ಸಮಯ, ಕನಿಷ್ಠ ಒಂದು ವಾರ ಇರ್ಲೇಬೇಕು ಅಂತ ಎಷ್ಟೋ ಕಡೆ ಕಂಡೀಷನ್ ಹಾಕ್ತಾರೆ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋದೂ ಕಷ್ಟ. ಅತ್ತೆ ಮಾವನ ಟಿಕೆಟ್ ಗ್ಯಾರಂಟಿ ಆಗೋ ತನಕ ವಾಪಸ್ ಸಿಗದ ದುಡ್ಡು ಕಟ್ಟಬೇಡಿ. ಹವಾಯಿ ಅಮೆರಿಕದ ರಾಜ್ಯಾನೇ ಆದ್ರಿಂದ ಅವರಿಗೆ ಬೇರೆ ವೀಸಾ ಬೇಕಿಲ್ಲ, ಆದ್ರೆ ಏರ್‌ಪೋರ್ಟ್‌ನಲ್ಲಿ ತೋರಿಸೋಕೆ ಪಾಸ್‌ಪೋರ್ಟ್ ಕೈಯಲ್ಲೇ ಇರ್ಲಿ.

ಮೌಯಿಯಲ್ಲಿ ಉಳ್ಕೊಳ್ಳೋಕೆ ಯಾವ ಜಾಗ, ಕಿಹೇನಾ ಕಾನಪಾಲಿನಾ? ಒಂದೇ ಮಾತಲ್ಲಿ ಹೇಳಿ ಪ್ಲೀಸ್. (ಆಸ್ಟಿನ್‌ನಿಂದ)

ಚಳಿಗಾಲ, ಜೊತೆಗೆ ಸಣ್ಣ ಮಕ್ಕಳು ಅಂದ್ರೆ ಕಿಹೇ.

ಒಂದೇ ಮಾತು ಅಂದ್ರಿ, ಆದ್ರೂ ಕಾರಣ ಹೇಳ್ತೀನಿ. ಚಳಿಗಾಲದಲ್ಲಿ ದೊಡ್ಡ ಅಲೆಗಳು ಬರೋದು ಉತ್ತರದಿಂದ ಮತ್ತೆ ವಾಯವ್ಯದಿಂದ, ಕಾನಪಾಲಿ, ನಾಪಿಲಿ ಕಡೆಗೆ ಅದರ ಹೊಡೆತ ಜಾಸ್ತಿ, ದಕ್ಷಿಣಕ್ಕಿರೋ ಕಿಹೇಗೆ ಕಮ್ಮಿ. ಬೇಸಿಗೇಲಿ ಉಲ್ಟಾ, ದಕ್ಷಿಣದ ಅಲೆ ಕಿಹೇ ಕಡೆ ಬರತ್ತೆ. ಕಹುಲೂಯಿ ಏರ್‌ಪೋರ್ಟ್‌ನಿಂದ ಕಿಹೇಗೆ ಕಾರಲ್ಲಿ ಅರ್ಧ ಗಂಟೆನೂ ಬೇಡ, ಕಾನಪಾಲಿಗೆ ಮುಕ್ಕಾಲು ಗಂಟೆ ಮೇಲೆ. ಕಿಹೇಯಲ್ಲಿ ಹಳೇ ಕಾಂಡೋಗಳು ಸಾಲುಸಾಲು, ರೇಟೂ ಸ್ವಲ್ಪ ಇಳಿಕೆ. ತೊಂದರೆ ಏನಪ್ಪಾ ಅಂದ್ರೆ ಬಹಳಷ್ಟು ಕಟ್ಟಡಕ್ಕೂ ಬೀಚ್‌ಗೂ ಮಧ್ಯೆ ಸೌತ್ ಕಿಹೇ ರೋಡ್ ಇದೆ, ಮಕ್ಕಳ ಕೈ ಹಿಡ್ಕೊಂಡೇ ದಾಟಬೇಕು. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಮರಳು ಕಣ್ಣಿಗೆ ಹೊಡಿಯತ್ತೆ, ಅದಕ್ಕೆ ಅಲ್ಲಿ ಬೀಚ್ ಅಂದ್ರೆ ಬೆಳಿಗ್ಗೆ.

ಮಗ ಸೊಸೆ ಅದೆಂಥದೋ ಅಡುಗೆಮನೆ ಇರೋ ಹೋಟ್ಲು ಬುಕ್ ಮಾಡಿದಾರೆ. ನಾವು ಶುದ್ಧ ಸಸ್ಯಾಹಾರಿಗಳು, ಯಜಮಾನರಿಗೆ ಶುಗರ್ ಬೇರೆ. ಕುಕ್ಕರ್, ಮಿಕ್ಸಿ, ಅಕ್ಕಿ ಎಲ್ಲಾ ಇಲ್ಲಿಂದಲೇ ತಗೊಂಡು ಹೋಗ್ಲಾ? ಸೊಸೆ "ಏನೂ ಬೇಡ ಅಮ್ಮ" ಅಂತಾಳೆ, ನಂಗೆ ನಂಬಿಕೆ ಇಲ್ಲ. (ಬೆಂಗಳೂರು, ಬಸವನಗುಡಿಯಿಂದ)

ಅಮ್ಮ, ಮಿಕ್ಸಿ ಖಂಡಿತ ಬೇಡ. ನಮ್ಮದು 230 ವೋಲ್ಟು, ಅಲ್ಲಿ ಸುಮಾರು 120, ನಮ್ಮ ಮಿಕ್ಸಿ ಅಲ್ಲಿ ನರಳತ್ತೇ ಹೊರತು ರುಬ್ಬಲ್ಲ. ಅಡುಗೆಮನೇಲಿ ಸಾಮಾನ್ಯವಾಗಿ ಒಂದು ಬ್ಲೆಂಡರ್ ಇರತ್ತೆ, ಅದು ಅವರು ಜ್ಯೂಸ್ ಮಾಡ್ಕೊಳ್ಳೋಕೆ ಇಟ್ಟಿರೋದು, ಕಾಯಿ ಚಟ್ನಿ ತರಿತರಿ ಆಗತ್ತೆ ಅಷ್ಟೇ. ಚಟ್ನಿಪುಡಿ, ಸಾರಿನಪುಡಿ, ಹುಳಿಪುಡಿ, ಇಂಗು, ಇಷ್ಟು ಇದ್ರೆ ಒಂದು ವಾರ ರಾಜಭೋಗ. ಸೋನಾ ಮಸೂರಿ ಅಕ್ಕಿ ಮಾತ್ರ ಮಗನ ಮನೆಯಿಂದ ಎರಡು ಕೆಜಿ ಹಾಕ್ಕೊಳ್ಳಿ, ದ್ವೀಪದ ಅಂಗಡೀಲಿ ಮೂಟೆ ಮೂಟೆ ಸಿಗೋದು ಜಪಾನೀಯರ ಥರದ ಅಂಟಂಟು ಅಕ್ಕಿ, ಮೊಸರನ್ನಕ್ಕೆ ಓಕೆ, ಸಾರಿಗೆ ಸರಿಹೋಗಲ್ಲ. ಕುಕ್ಕರ್ ಬೇಕೇ ಬೇಕು ಅಂದ್ರೆ ತಳ ಚಪ್ಪಟೆ ಇರೋದು ತಗೊಳ್ಳಿ, ಅಲ್ಲಿ ಗ್ಯಾಸ್ ಅಪರೂಪ, ಕರೆಂಟ್ ಒಲೆ. ಮಗನ ಮನೇಲಿ ಇನ್‌ಸ್ಟಂಟ್ ಪಾಟ್ (ಕರೆಂಟ್ ಕುಕ್ಕರ್) ಇದ್ರೆ ಅದೇ ಸಾಕು. ಕರೆಂಟ್ ಒಲೆ ಆರಿಸಿದ್ಮೇಲೂ ಬಹಳ ಹೊತ್ತು ಸುಡ್ತಾ ಇರತ್ತೆ, ಹಾಲು ಉಕ್ಕೋಕೆ ಬಂದಾಗ ಉರಿ ಸಣ್ಣ ಮಾಡಿದ್ರೆ ಪ್ರಯೋಜನ ಇಲ್ಲ, ಪಾತ್ರೇನೇ ಎತ್ತಿ ಪಕ್ಕಕ್ಕಿಡಬೇಕು.

ಈಗ ಒಗ್ಗರಣೆ ವಿಷಯ, ಇದನ್ನ ಯಾವ ಹೋಟೆಲ್‌ನವರೂ ಬರೆದಿರಲ್ಲ. ಮನೆ ಒಳಗೆ ಸ್ಮೋಕ್ ಅಲಾರಂ ಇರತ್ತೆ, ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಹಾಕಿರ್ತಾರೆ. ಎಣ್ಣೆ ಹೊಗೆ ಬರೋ ತನಕ ಕಾಯಿಸಿ ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದ್ರಿ ಅಂತಿಟ್ಕೊಳ್ಳಿ, ಘಾಟು ಎದ್ದು ಅದು ಕಿರುಚೋಕೆ ಶುರು ಮಾಡತ್ತೆ, ಮಕ್ಕಳು ಕಿವಿ ಮುಚ್ಕೊಂಡು ಓಡ್ತಾರೆ, ಮಗ ಕುರ್ಚಿ ಹತ್ತಿ ಟವೆಲ್ ಬೀಸ್ತಾನೆ, ಕೆಳಗಿಂದ ಫೋನ್ ಬರತ್ತೆ. ಬಾಲ್ಕನಿ ಬಾಗಿಲು ಪೂರ್ತಿ ತೆಗೆದು, ಒಲೆ ಮೇಲಿನ ಫ್ಯಾನ್ ಹಾಕಿ, ಎಣ್ಣೆ ಹೆಚ್ಚು ಕಾಯೋಕೆ ಬಿಡದೆ ಸಾಸಿವೆ ಚಟಪಟ ಅಂದ ತಕ್ಷಣ ಇಳಿಸಿ, ಮೆಣಸಿನಕಾಯಿ ಆಮೇಲೆ ಹಾಕಿ. ಬಾಲ್ಕನೀಲಿ ಒಲೆ ಹಚ್ಚೋ ಯೋಚನೆ ಮಾತ್ರ ಬೇಡ, ಅದಕ್ಕೆ ಕೆಳಗೆ ಪೂಲ್ ಪಕ್ಕ ಗ್ರಿಲ್ ಇಟ್ಟಿರ್ತಾರೆ. ಗ್ರಿಲ್ ಮೇಲೆ ಎಲ್ಲರೂ ಮಾಂಸ ಸುಟ್ಟಿರ್ತಾರೆ, ಅಲ್ಯೂಮಿನಿಯಂ ಫಾಯಿಲ್ ಹಾಸಿ ಅದರ ಮೇಲೆ ಜೋಳ, ಅನಾನಸ್ ಸುಟ್ಕೊಳ್ಳಿ.

ಹಸಿ ಕರಿಬೇವು ಬ್ಯಾಗಲ್ಲಿ ಹಾಕ್ಬೇಡಿ. ಹವಾಯಿಗೆ ಹೋಗೋವಾಗ ಗಿಡ, ಎಲೆ, ಹಣ್ಣು, ತರಕಾರಿ ಏನಿದ್ರೂ ಡಿಕ್ಲೇರ್ ಮಾಡ್ಬೇಕು. ಒಣಗಿಸಿ ಪುಡಿ ಮಾಡಿದ್ದೇ ತಗೊಂಡ್ರೆ ತಲೆನೋವಿಲ್ಲ. ವಾಪಸ್ ಬರೋವಾಗಲೂ ಏರ್‌ಪೋರ್ಟ್‌ನಲ್ಲಿ ಕೃಷಿ ಇಲಾಖೆಯವರು ಬ್ಯಾಗ್ ಎಕ್ಸ್‌ರೇ ಮಾಡ್ತಾರೆ, ಅನಾನಸ್, ತೆಂಗಿನಕಾಯಿ ಬಿಡ್ತಾರೆ, ತಾಜಾ ಮಾವಿನಹಣ್ಣು ಬಿಡಲ್ಲ.

ಹೊರಗಡೆ ತಿನ್ನೋದಾದ್ರೆ ಸೈಮಿನ್ ಅಂತ ನೂಡಲ್ಸ್ ಸೂಪ್ ಎಲ್ಲಾ ಕಡೆ ಸಿಗತ್ತೆ, ಮೇಲೆ ತರಕಾರಿ ಕಂಡ್ರೂ ಅದರ ನೀರು ಸಾಮಾನ್ಯವಾಗಿ ಮೀನಿಂದೋ ಸೀಗಡಿದೋ, ಕೇಳದೆ ತಿನ್ಬೇಡಿ. ಪಪ್ಪಾಯ ಚೆನ್ನಾಗಿರತ್ತೆ, ಯಜಮಾನರಿಗೆ ಅಳತೆ ನೋಡಿ ಕೊಡಿ. ಆಪಲ್ ಬನಾನಾ ಅಂತ ಸಣ್ಣ ಬಾಳೆಹಣ್ಣು ಮಾರ್ತಾರೆ, ನಮ್ಮ ಏಲಕ್ಕಿ ಬಾಳೆಗೆ ಹತ್ರ ಹತ್ರ ಬರೋ ರುಚಿ.

ಕೊನೇದಾಗಿ ಒಂದು, ಸೊಸೆ ಓದ್ತಾ ಇದ್ರೆ ಅವಳಿಗೂ ಸೇರಿಸಿ ಹೇಳ್ತಿದೀನಿ. ಅಡುಗೆಮನೆ ಇದೆ ಅಂತ ಮೂರು ಹೊತ್ತೂ ಬೇಯಿಸ್ಬೇಕಿಲ್ಲ. ಈ ಕಾಂಡೋಗಳಲ್ಲಿ ನಾನು ನೋಡಿರೋದು ಒಂದೇ ಸೀನು, ಎಲ್ಲರೂ ಒದ್ದೆ ಬಟ್ಟೇಲಿ ಬಂದು "ಅಮ್ಮಾ ಏನಿದೆ" ಅಂತಾರೆ, ಅಮ್ಮ ಬೆಳಿಗ್ಗೆಯಿಂದ ಒಲೆ ಮುಂದೆ ನಿಂತಿರ್ತಾರೆ, ಸಮುದ್ರ ಕಿಟಕಿಯಲ್ಲೇ ನೋಡಿದ್ದು. ಬೆಳಿಗ್ಗೆ ಅವಲಕ್ಕಿ ಉಪ್ಪಿಟ್ಟು ಏನೋ ಒಂದು, ರಾತ್ರಿ ಅನ್ನ ಸಾರು, ಮಧ್ಯಾಹ್ನ ಹೊರಗೆ ಅಥವಾ ಬ್ರೆಡ್ಡು. ಪಾತ್ರೆ ತೊಳೆಯೋದು ಮಗನ ಪಾಲು, ಡಿಶ್‌ವಾಷರ್ ಇರತ್ತೆ, ಕೈ ಸವೆಯಲ್ಲ.

ವೆಬ್‌ಸೈಟಲ್ಲಿ ರಾತ್ರಿಗೆ 300 ಡಾಲರ್ ಅಂತ ತೋರಿಸಿದ್ರು, ಕೊನೆಗೆ ಕಾರ್ಡ್ ಉಜ್ಜೋ ಹೊತ್ತಿಗೆ ಲೆಕ್ಕ ಎಲ್ಲೋ ಹೋಯ್ತು. ಇದು ಮೋಸ ಅಲ್ವಾ ಸ್ವಾಮಿ? (ಫ್ರೀಮಾಂಟ್)

ಮೋಸ ಅನ್ನೋದಕ್ಕಿಂತ ಜಾಣತನ ಅನ್ನಿ. ಲೆಕ್ಕ ಬಿಡಿಸಿ ನೋಡೋಣ, ಅಂಕಿಗಳು ಉದಾಹರಣೆಗೆ ಹಿಡ್ಕೊಂಡಿದ್ದು. ಏಳು ರಾತ್ರಿ 300ರ ಹಾಗೆ 2,100. ಕ್ಲೀನಿಂಗ್ ಫೀ ಒಂದು ಸಲಕ್ಕೆ 250. ರೆಸಾರ್ಟ್ ಫೀ, ಅಂದ್ರೆ ಪೂಲ್ ಟವೆಲ್ ಥರದ ಸೌಲಭ್ಯಕ್ಕೆ, ದಿನಕ್ಕೆ 30ರ ಹಾಗೆ 210. ಇಲ್ಲಿಗೇ 2,560 ಆಯ್ತು. ಇದರ ಮೇಲೆ ರಾಜ್ಯದ ವಸತಿ ತೆರಿಗೆ, ಕೌಂಟಿಯ (ನಮ್ಮ ಜಿಲ್ಲೆ ಥರ) 3 ಪರ್ಸೆಂಟ್, ಜೊತೆಗೆ ಸಾಮಾನ್ಯ ತೆರಿಗೆ, ಎಲ್ಲಾ ಸೇರಿ ಸುಮಾರು 18 ಪರ್ಸೆಂಟ್, ಅಂದ್ರೆ ಇನ್ನೊಂದು 460. ಪಾರ್ಕಿಂಗ್ ದಿನಕ್ಕೆ 20 ಅಂದ್ರೂ 140. ಒಟ್ಟು 3,160, ಅಂದ್ರೆ ರಾತ್ರಿಗೆ 300 ಅಲ್ಲ, 450.

2025ರ ಮೇ ತಿಂಗಳಿಂದ ಅಮೆರಿಕದಲ್ಲಿ ಒಂದು ರೂಲ್ ಬಂದಿದೆ, ಹೋಟೆಲ್ ಆಗ್ಲಿ ಬಾಡಿಗೆ ಮನೆ ಆಗ್ಲಿ, ಕಡ್ಡಾಯದ ಫೀ ಎಲ್ಲಾ ಸೇರಿಸಿಯೇ ಮೊದಲು ಬೆಲೆ ತೋರಿಸಬೇಕು ಅಂತ. ತೆರಿಗೆ ಮಾತ್ರ ಆಮೇಲೆ ಸೇರಿಸ್ಬಹುದು. ಹಾಗಾಗಿ ಈಗ ಕ್ಲೀನಿಂಗ್ ಫೀ ಕೊನೇ ಪುಟದಲ್ಲಿ ಧುತ್ತಂತ ಎದುರಾದ್ರೆ ಜಗಳ ಮಾಡೋಕೆ ನಿಮಗೆ ಹಕ್ಕಿದೆ. ಕ್ಲೀನಿಂಗ್ ಫೀ ಎರಡು ರಾತ್ರಿ ಇದ್ರೂ ಅಷ್ಟೇ ಹತ್ತು ರಾತ್ರಿ ಇದ್ರೂ ಅಷ್ಟೇ, ಅದಕ್ಕೆ ಮೂರು ದಿನಕ್ಕಿಂತ ಕಮ್ಮಿ ಇರೋರಿಗೆ ಕಾಂಡೋ ಲುಕ್ಸಾನು, ಮಾಮೂಲಿ ಹೋಟೆಲ್ ರೂಮೇ ವಾಸಿ. ಅಷ್ಟಾದ್ರೂ ಆರು ಜನಕ್ಕೆ ರೆಸಾರ್ಟ್‌ನಲ್ಲಿ ಎರಡು ರೂಮು, ಮೂರು ಹೊತ್ತೂ ಹೋಟೆಲ್ ಊಟ ಅಂತ ಒಂದು ಸಲ ಕೂಡಿ ನೋಡಿ, 450 ಅಷ್ಟು ಉರಿಯಲ್ಲ.

ಇನ್ನೊಂದು, ಹವಾಯಿಯಲ್ಲಿ ಬಾಡಿಗೆ ಜಾಹೀರಾತಲ್ಲಿ ತೆರಿಗೆ ನೋಂದಣಿ ನಂಬರ್ ಹಾಕ್ಲೇಬೇಕು. ನಂಬರ್ ಇಲ್ಲ, ರೇಟ್ ಅರ್ಧಕ್ಕರ್ಧ, ದುಡ್ಡು ನೇರ ಅಕೌಂಟಿಗೆ ಹಾಕಿ ಅಂತಾರೆ ಅಂದ್ರೆ ಕೈ ಮುಗಿದು ಬಂದ್ಬಿಡಿ. ಮತ್ತೆ ಮುಂದಿನ ವರ್ಷಗಳಿಗೆ ಈಗಲೇ ಬುಕ್ ಮಾಡೋರು ಆ ಕಟ್ಟಡ ಹೋಟೆಲ್ ಜೋನ್‌ನಲ್ಲಿದ್ಯಾ ಅಪಾರ್ಟ್‌ಮೆಂಟ್ ಜೋನ್‌ನಲ್ಲಿದ್ಯಾ ಕೇಳಿ. ಸ್ಥಳೀಯರಿಗೆ ಮನೆ ಸಿಗ್ತಿಲ್ಲ ಅಂತ ಅಪಾರ್ಟ್‌ಮೆಂಟ್ ಜೋನ್‌ನ ಟೂರಿಸ್ಟ್ ಬಾಡಿಗೆ ನಿಲ್ಲಿಸೋ ಪ್ರಸ್ತಾಪವನ್ನ ಮೌಯಿ ಮೇಯರ್ 2024ರಲ್ಲಿ ತಂದ್ರು, ಆವತ್ತಿಂದ ಅಲ್ಲಿ ಇದೇ ದೊಡ್ಡ ಜಟಾಪಟಿ. ಹೋಟೆಲ್ ಜೋನ್‌ನವಕ್ಕೆ ಆ ತಂಟೆ ಇಲ್ಲ.

ಬೆಂಕಿ ಬಿದ್ದ ಊರಿಗೆ ಮಜಾ ಮಾಡೋಕೆ ಹೋಗೋದು ತಪ್ಪಲ್ವಾ? (ಹುಬ್ಬಳ್ಳಿಯ ಓದುಗರು)

ಕೇಳಬೇಕಾದ ಪ್ರಶ್ನೆನೇ. 2023ರ ಆಗಸ್ಟ್ 8ರಂದು ಮೌಯಿಯ ಲಹೈನಾ ಊರು ಸುಟ್ಟುಹೋಯ್ತು, ನೂರಕ್ಕೂ ಹೆಚ್ಚು ಜನ ಸತ್ರು. ಕೆಲವೇ ಕಿಲೋಮೀಟರ್ ದೂರದ ಕಾನಪಾಲಿ ಸುಡಲಿಲ್ಲ, ಮನೆ ಕಳ್ಕೊಂಡ ಸಾವಿರಾರು ಜನ ಅಲ್ಲಿಯ ಹೋಟೆಲ್, ಕಾಂಡೋಗಳಲ್ಲೇ ತಿಂಗಳುಗಟ್ಟಲೆ ಇದ್ರು. ದ್ವೀಪದ ಜನಕ್ಕೆ ಟೂರಿಸಂ ಬಿಟ್ರೆ ದೊಡ್ಡ ದುಡಿಮೆ ಇಲ್ಲ, ಹಾಗಾಗಿ ಹೋಗಿ ಅಂತಲೇ ನನ್ನ ಅಭಿಪ್ರಾಯ. ಸುಟ್ಟ ಜಾಗದ ಮುಂದೆ ಸೆಲ್ಫಿ ಬೇಡ, ಊಟ ತಿಂಡಿ ಅಲ್ಲಿಯವರ ಸಣ್ಣ ಅಂಗಡೀಲಿ ಮಾಡಿ. ಲಹೈನಾದಲ್ಲೊಂದು ದೊಡ್ಡ ಆಲದ ಮರ ಇದೆ, 1873ರಲ್ಲಿ ನೆಟ್ಟಿದ್ದು, ಸಸಿ ಹೋಗಿದ್ದು ನಮ್ಮ ಭಾರತದಿಂದ. ಬೆಂಕೀಲಿ ಕರಕಲಾದ್ರೂ ಕೆಲವೇ ವಾರದಲ್ಲಿ ಮತ್ತೆ ಚಿಗುರು ಬಿಡ್ತು.

ಮಕ್ಕಳನ್ನ ಸಮುದ್ರಕ್ಕೆ ಇಳಿಸೋಕೆ ಭಯ. ಬರೀ ಪೂಲ್‌ನಲ್ಲೇ ಆಡಿಸಿದ್ರೆ ಅಷ್ಟು ದೂರ ಹೋಗಿ ಏನು ಬಂತು ಅಂತಾರೆ ಇವರು. (ಮಂಗಳೂರು ಮೂಲ, ಈಗ ಸ್ಯಾನ್ ಹೋಸೆ)

ಮಂಗಳೂರಿನವರಿಗೆ ಸಮುದ್ರದ ಭಯ ಇರೋದು ಸಹಜಾನೇ, ನೀವು ಅದನ್ನ ಮಳೆಗಾಲದಲ್ಲಿ ನೋಡಿದೀರಿ. ಆ ಭಯ ಇಟ್ಕೊಂಡೇ ಹೋಗಿ.

ಕಿಹೇಯಲ್ಲಿ ಕಮಾಓಲೆ ಬೀಚ್ ಪಾರ್ಕ್ ಅಂತ ಒಂದು, ಎರಡು, ಮೂರು ಇವೆ, ಮೂರರಲ್ಲೂ ಲೈಫ್‌ಗಾರ್ಡ್ ಇರ್ತಾರೆ. ಮೂರನೇದ್ರಲ್ಲಿ ದೊಡ್ಡ ಹುಲ್ಲುಹಾಸು, ಮಕ್ಕಳ ಆಟದ ಜಾಗ, ಟಾಯ್ಲೆಟ್ಟು, ಮರಳು ತೊಳ್ಕೊಳ್ಳೋಕೆ ಶವರ್ ಎಲ್ಲಾ ಇದೆ, ಅಜ್ಜ ಅಜ್ಜಿ ಹುಲ್ಲಿನ ಮೇಲೆ ಚಾಪೆ ಹಾಸಿ ಕೂರಬಹುದು. ಹೋದ ತಕ್ಷಣ ಲೈಫ್‌ಗಾರ್ಡ್ ಹತ್ರ ಹೋಗಿ ಇವತ್ತು ಸಣ್ಣ ಮಕ್ಕಳಿಗೆ ಹೇಗಿದೆ ಅಂತ ಕೇಳಿ, ಸಂಕೋಚ ಬೇಡ, ಅವರ ಕೆಲಸಾನೇ ಅದು. ಮೂರು ವರ್ಷದ ಒಳಗಿನ ಮಗುವಿಗೆ ಕಲೆಪೊಲೆಪೊ ಅಂತ ಇನ್ನೊಂದು ಪಾರ್ಕ್ ಇದೆ, ಅಲ್ಲಿ ಹಳೇ ಹವಾಯಿಯವರು ಮೀನು ಸಾಕೋಕೆ ಸಮುದ್ರದಲ್ಲೇ ಕಲ್ಲಿನ ಗೋಡೆ ಕಟ್ಟಿದ್ದು ಈಗಲೂ ನಿಂತಿದೆ, ಗೋಡೆ ಒಳಗೆ ಅಲೆ ಇಲ್ಲ, ಆಳಾನೂ ಇಲ್ಲ. ಮಳೆ ಬಂದು ನೀರು ಕೆಂಪಗಾಗಿದ್ರೆ ಎಲ್ಲೂ ಇಳಿಬೇಡಿ.

ಮಕೇನಾ ಕಡೆಯ ಬಿಗ್ ಬೀಚ್ ಫೋಟೋಲಿ ಸ್ವರ್ಗ ಕಂಡಂಗೆ ಕಾಣತ್ತೆ. ಅಲ್ಲಿ ಅಲೆ ದಡದ ಮೇಲೇ ಮುರಿದು ಬೀಳತ್ತೆ, ಈಜು ಬರೋ ಗಟ್ಟಿ ಆಳುಗಳೇ ಕುತ್ತಿಗೆ ಮುರ್ಕೊಂಡಿದಾರೆ. ನೋಡಿ ಬನ್ನಿ, ಮಕ್ಕಳನ್ನ ಇಳಿಸ್ಬೇಡಿ. ಮತ್ತೆ ಎಲ್ಲೇ ಆಗ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಫೋಟೋಗೆ ನಿಲ್ಲೋ ಚಟ ಬಿಡಿ.

ಸನ್‌ಸ್ಕ್ರೀನ್ ಮನೇಲಿರೋದೇ ತಗೊಂಡು ಹೋಗೋಣ ಅಂದ್ಕೊಂಡಿದ್ರೆ ಡಬ್ಬಿ ಹಿಂದೆ ಓದಿ. ಹವಳಕ್ಕೆ ಹಾನಿ ಅಂತ ಮೌಯಿ ಕೌಂಟಿ 2022ರ ಅಕ್ಟೋಬರ್‌ನಿಂದ ಮಿನರಲ್ ಅಲ್ಲದ್ದನ್ನ ಮಾರೋದೂ ಹಚ್ಚೋದೂ ನಿಷೇಧ ಮಾಡಿದೆ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರೋದು ಬೇಕು. ಮುಖ ಬೆಳ್ಳಗೆ ವಿಭೂತಿ ಬಳ್ಕೊಂಡಂಗೆ ಕಾಣತ್ತೆ, ಕಾಣ್ಲಿ ಬಿಡಿ. ಆಮೆ ಕಂಡ್ರೆ ಕನಿಷ್ಠ ಹತ್ತಡಿ ದೂರ ನಿಲ್ಲಿ, ಮಕ್ಕಳು ಮುಟ್ಟೋಕೆ ಹೋಗ್ತವೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ ತಿಮಿಂಗಿಲ ಬರೋ ಕಾಲ, ದಡದಲ್ಲಿ ಕೂತ್ರೂ ನೀರು ಚಿಮ್ಮೋದು ಕಾಣತ್ತೆ, ಬೋಟ್ ಹತ್ತೋದು ಬಿಡೋದು ನಿಮ್ಮಿಷ್ಟ.

ಅಮ್ಮನಿಗೆ ಮಂಡಿ ನೋವು. ಮೂರನೇ ಮಹಡಿ ಅಂತ ಬಂದಿದೆ. (ಡಬ್ಲಿನ್, ಕ್ಯಾಲಿಫೋರ್ನಿಯಾ)

ಇವತ್ತೇ ಫೋನ್ ಮಾಡಿ ಲಿಫ್ಟ್ ಇದ್ಯಾ ಕೇಳಿ. ಹಳೇ ಕಾಂಡೋಗಳಲ್ಲಿ ಎರಡು ಮೂರು ಮಹಡಿ ಕಟ್ಟಡಕ್ಕೆ ಎಷ್ಟೋ ಕಡೆ ಲಿಫ್ಟೇ ಇಲ್ಲ, ಬರೀ ಮೆಟ್ಲು. ಗಾರ್ಡನ್ ವ್ಯೂ ಅಂತ ಕೆಳಗಿನ ಮಹಡಿ ಯೂನಿಟ್‌ಗೆ ಬದಲಾಯಿಸ್ಕೊಳ್ಳಿ, ಬಾಡಿಗೇನೂ ಇಳಿಯತ್ತೆ. ಸಮುದ್ರ ಕಾಣಲ್ಲ ಅನ್ನೋ ಕೊರಗು ಬೇಡ, ಪಾರ್ಷಿಯಲ್ ಓಷನ್ ವ್ಯೂ ಅಂತ ಹೆಚ್ಚು ದುಡ್ಡು ಕೊಟ್ಟವರಿಗೂ ಎಷ್ಟೋ ಸಲ ಕುತ್ತಿಗೆ ಓರೆ ಮಾಡಿದ್ರೆ ಎರಡು ತೆಂಗಿನ ಮರದ ಮಧ್ಯೆ ಒಂದು ಗೇಣು ನೀಲಿ ಕಾಣತ್ತೆ ಅಷ್ಟೇ. ಬಾತ್‌ರೂಮ್‌ನಲ್ಲಿ ಟಬ್ ಇದ್ಯಾ, ಕಾಲು ಎತ್ತಿ ದಾಟಬೇಕಾ, ಅದನ್ನೂ ಕೇಳಿ.

ಅಪ್ಪ ಅಮ್ಮನ್ನ ಹಲೇಯಕಲಾ ಬೆಟ್ಟದ ಸೂರ್ಯೋದಯಕ್ಕೆ ಕರ್ಕೊಂಡು ಹೋಗ್ಬಹುದಾ?

10,023 ಅಡಿ ಎತ್ತರ, ಬೆಳಗಿನ ಜಾವ ಮೈ ನಡುಗೋ ಚಳಿ, ರಾತ್ರಿ ಮೂರಕ್ಕೇ ಏಳಬೇಕು, ಕಾರಿಗೆ ಮುಂಚೇನೇ ರಿಸರ್ವೇಷನ್ ಬೇರೆ ಮಾಡಿಸ್ಬೇಕು. ಹೃದಯದ್ದು ಉಬ್ಬಸದ್ದು ತೊಂದರೆ ಇದ್ರೆ ಡಾಕ್ಟರ್ ಕೇಳದೆ ಬೇಡ. ಮಧ್ಯಾಹ್ನದ ಮೇಲೆ ಹೋಗಿ ಸೂರ್ಯಾಸ್ತ ನೋಡಿ, ಅದಕ್ಕೆ ರಿಸರ್ವೇಷನ್ ಬೇಕಿಲ್ಲ, ಪಾರ್ಕ್ ಫೀ ಕಟ್ಟಿದ್ರೆ ಆಯ್ತು. ಸ್ವೆಟರ್ ಮಾತ್ರ ಮರೀಬೇಡಿ.

ರೂಮಲ್ಲಿ ಹಲ್ಲಿ ಇರತ್ತಂತೆ, ನಿಜಾನಾ?

ನಿಜ. ಸೊಳ್ಳೆ ತಿನ್ಕೊಂಡು ಗೋಡೆ ಮೇಲೆ ಇರತ್ತೆ. ಎರೆಹುಳದ ಥರದ ಪುಟ್ಟ ಕುರುಡು ಹಾವು ಬಿಟ್ರೆ ಬೇರೆ ಹಾವು ಆ ದ್ವೀಪದ ಕಾಡಲ್ಲೂ ಇಲ್ಲ. ಹಲ್ಲಿ ಲೊಚಗುಟ್ಟಿದ ದಿಕ್ಕು ನೋಡಿ ಶಕುನ ಹೇಳೋ ಕೆಲಸ ಅಜ್ಜಿಗೆ ಬಿಡಿ.

ಚೆಕ್‌ಔಟ್ ಬೆಳಿಗ್ಗೆ ಹತ್ತಕ್ಕೆ, ನಮ್ಮ ಫ್ಲೈಟ್ ರಾತ್ರಿ ಹತ್ತಕ್ಕೆ. ಮಕ್ಕಳು ಮುದುಕರನ್ನ ಕಟ್ಕೊಂಡು ಹನ್ನೆರಡು ಗಂಟೆ ಎಲ್ಲಿ ಕೂರೋದು? (ಸಿಯಾಟಲ್)

ಬಹಳ ಜನ ಯೋಚನೆ ಮಾಡದೇ ಇರೋ ವಿಷಯ ಇದು, ಮೌಯಿಯಿಂದ ಅಮೆರಿಕದ ಮುಖ್ಯ ಭೂಭಾಗದ ಕಡೆಗೆ ರಾತ್ರಿ ಫ್ಲೈಟ್‌ಗಳೇ ಬೇಕಾದಷ್ಟು. ಲೇಟ್ ಚೆಕ್‌ಔಟ್ ಕೇಳಿ, ಅವತ್ತೇ ಬೇರೆಯವರು ಬರೋದಿಲ್ಲ ಅಂದ್ರೆ ಒಂದೆರಡು ಗಂಟೆ ಕೊಡ್ತಾರೆ. ಕೆಲವು ಕಾಂಡೋ ಹೋಟೆಲ್‌ಗಳಲ್ಲಿ ಹೊರಡೋ ದಿನದವರಿಗೆ ಅಂತ ಶವರ್ ಇರೋ ಒಂದು ರೂಮ್ ಇಟ್ಟಿರ್ತಾರೆ, ಬುಕ್ ಮಾಡೋವಾಗಲೇ ಕೇಳ್ಕೊಳ್ಳಿ. ಮನೇಲಿ ವಯಸ್ಸಾದವರಿದ್ದು ಬಜೆಟ್ ತಡ್ಕೊಳ್ಳತ್ತೆ ಅಂದ್ರೆ ಇನ್ನೊಂದು ರಾತ್ರಿ ಬಾಡಿಗೆ ಕೊಟ್ಟು ಸಂಜೆ ಖಾಲಿ ಮಾಡಿ, ಕ್ಲೀನಿಂಗ್ ಫೀ ಎರಡನೇ ಸಲ ಬೀಳಲ್ಲ. ಇಲ್ಲಾ ಅಂದ್ರೆ ಲಗೇಜ್ ಫ್ರಂಟ್ ಡೆಸ್ಕ್‌ನಲ್ಲಿಟ್ಟು ಬೆಳಿಗ್ಗೆ ಬೀಚು, ಬಿಸಿಲೇರಿದ್ಮೇಲೆ ಮಾಲಾಯದಲ್ಲಿರೋ ಮೌಯಿ ಓಷನ್ ಸೆಂಟರ್ ಅಕ್ವೇರಿಯಂ. ಅದು ಏರ್‌ಪೋರ್ಟ್ ದಾರಿಗೆ ಹತ್ರ, ಒಳಗೆ ತಂಪು, ಮಕ್ಕಳಿಗೆ ಶಾರ್ಕ್, ಅಜ್ಜನಿಗೆ ಬೆಂಚು. ಮಿಕ್ಕ ಅನ್ನಕ್ಕೆ ಮೊಸರು ಕಲಸಿ ಡಬ್ಬಿಗೆ ಹಾಕ್ಕೊಂಡು ಏರ್‌ಪೋರ್ಟ್ ಹೊರಗೇ ಊಟ ಮುಗಿಸಿ, ಸೆಕ್ಯೂರಿಟಿಯವರಿಗೆ ಮೊಸರನ್ನ ಏನು ಅಂತ ವಿವರಿಸೋ ಕಷ್ಟ ಯಾಕೆ. ಉಳಿದ ಎಣ್ಣೆ, ಉಪ್ಪು, ಸಕ್ಕರೆ ಪೊಟ್ಟಣ ಎಸೀಬೇಡಿ, ಅವತ್ತೇ ಬಂದಿಳಿದ ಇನ್ಯಾವುದಾದ್ರೂ ಸಂಸಾರಕ್ಕೆ ಬೇಕಾ ಅಂತ ಪೂಲ್ ಹತ್ರ ಕೇಳಿ ನೋಡಿ.